ನೀಲವ್ವನ ಎರಡು ಜಡೆಗಾಗಿ ಮೊಗಲಾಯಿ ತಿರುಗಿದ್ದು

ಮೊಮ್ಮಕ್ಕಳಿರಾ, ನಮ್ಮ ಮನೆಯಲ್ಲಿ ಪರರಾಜ್ಯಕ್ಕೆ ಹೋಗಿ ಬಂದವರು ಯಾರು ಯಾರು ಎಂದು ನೀವು ಬೆರಳು ಮಡಿಸುವಾಗ ನನ್ನ ಹೆಸರು ಬರುವುದೇ ಇಲ್ಲ. ವಿಮಾನ ಹತ್ತಿದವರು ಮಾತ್ರ ಹೊರಗಿನ ದೇಶ ಕಂಡವರೆಂದು ನಿಮ್ಮ ತಿಳಿವಳಿಕೆ. ನಾನು ಎತ್ತಿನ ಗಾಡಿಯಲ್ಲಿ ಹೋಗಿ ಬಂದವಳು. ನಮ್ಮೂರಿನಿಂದ ಬೆಳಗಿನ ಜಾವ ಹೊರಟರೆ ಮಧ್ಯಾಹ್ನದ ಬುತ್ತಿಯನ್ನು ಬೇರೆ ರಾಜ್ಯದಲ್ಲಿ ಬಿಚ್ಚಬಹುದಿತ್ತು. ನಮ್ಮೂರು ರೋಣದ ಕಡೆಯದು, ಇಂಗ್ರೇಜರ ಆಳಿಕೆಯಲ್ಲಿತ್ತು. ಕುಕನೂರು, ಯಲಬುರ್ಗಿ, ಕುಷ್ಟಗಿ, ಕೊಪ್ಪಳ, ಗಂಗಾವತಿ ಎಲ್ಲವೂ ನಿಜಾಮರ ರಾಜ್ಯದೊಳಗಿದ್ದವು. ನಾವು ಅದನ್ನು ಮೊಗಲಾಯಿ ಎನ್ನುತ್ತಿದ್ದೆವು. ಅಲ್ಲಿ ನಾಣ್ಯ ಬೇರೆ, ಅಂಚೆಯ ತಿಕೀಟು ಬೇರೆ, ತಿಂಗಳುಗಳ ಹೆಸರು ಕೂಡ ಬೇರೆ. ಮಾತು ಮಾತ್ರ ನಮ್ಮದೇ. ನನಗೆ ಗಲಿಬಿಲಿಯಾದದ್ದು ಅದರಿಂದಲೇ. ಮಾತು ತಿಳಿಯದ ಊರಿನಲ್ಲಿ ತಬ್ಬಿಬ್ಬಾದರೆ ಯಾರೂ ಏನೂ ಅನ್ನುವುದಿಲ್ಲ. ಆಡುವ ಮಾತೆಲ್ಲ ತಿಳಿದೂ ಏನು ನಡೆಯುತ್ತಿದೆ ಎಂದು ತಿಳಿಯದೆ ನಿಲ್ಲುವುದು ಕಷ್ಟ.

ಹೋದದ್ದು ನಿಮ್ಮವ್ವನಿಗಾಗಿ. ಆಗ ನೀಲವ್ವನಿಗೆ ಒಂಬತ್ತು ವರ್ಷ. ನಿಮ್ಮಜ್ಜ ತೀರಿಕೊಂಡು ಎರಡು ವರ್ಷವಾಗಿತ್ತು. ಅವರ ಅಣ್ಣ, ನಮ್ಮ ಭಾವನವರು, ಮನೆಯ ಯಜಮಾನರು. ಕೆಟ್ಟವರಲ್ಲ. ನಮ್ಮೂರ ಶಾಲೆಯ ಮಾಸ್ತರರು ವರ್ಗವಾಗಿ ಹೋಗಿ, ಅವರ ಜಾಗಕ್ಕೆ ಯಾರೂ ಬಾರದೆ, ಶಾಲೆಗೆ ಬೀಗ ಬಿತ್ತು. ಸುಮ್ಮನೆ ಮನೆಯಲ್ಲಿ ಕೂತ ಹುಡುಗಿಗೆ ಲಗ್ನ ಮಾಡಿಬಿಡುವುದು ಒಳ್ಳೆಯದೆಂದು ಅವರಿಗೆ ತೋರಿತು. ಗಜೇಂದ್ರಗಡದ ಕಡೆ ಒಬ್ಬ ವರನನ್ನೂ ನೋಡಿಟ್ಟರು. ಭಾವನೆದುರು ತಮ್ಮನ ಹೆಂಡತಿ ನಿಂತು ಮಾತಾಡುವ ಪದ್ಧತಿ ನಮ್ಮಲ್ಲಿರಲಿಲ್ಲ. ನಾನು ಬಾಗಿಲ ಹಿಂದೆ ನಿಂತು ಕೇಳುತ್ತಿದ್ದೆ, ಅಷ್ಟೆ.

ಯಲಬುರ್ಗಿಯಲ್ಲಿದ್ದ ನನ್ನ ಅಣ್ಣ ವೀರಪ್ಪ ಸುದ್ದಿ ತಿಳಿದು ಬಂದ. ತನ್ನೂರಿನಲ್ಲಿ ಹೆಣ್ಣುಮಕ್ಕಳ ಶಾಲೆಯಿದೆ, ತಾಯಿ ಮಗಳು ಇಬ್ಬರೂ ತನ್ನ ಮನೆಯಲ್ಲಿರಲಿ ಎಂದ. ಭಾವನವರು ಎಲೆ ಅಡಿಕೆ ಹಾಕಿಕೊಂಡು ಒಂದು ಮಾತು ಕೊಟ್ಟರು. ಹುಡುಗಿಯ ಹೆಸರು ಶಾಲೆಯ ಹಾಜರಿ ಪುಸ್ತಕದಲ್ಲಿ ಬಂದರೆ ನಾಲ್ಕು ವರ್ಷ ಲಗ್ನದ ಸುದ್ದಿ ಎತ್ತುವುದಿಲ್ಲ. ಬಿತ್ತನೆ ಮುಗಿಸಿ, ಮಣ್ಣೆತ್ತಿನ ಅಮವಾಸ್ಯೆ ಆದ ಮರುದಿನ ತಾವೇ ಬಂದು ನೋಡುತ್ತಾರೆ. ಹೆಸರಿಲ್ಲದಿದ್ದರೆ ಬಂದ ಗಾಡಿಯಲ್ಲೇ ಕರೆದುಕೊಂಡು ಹೋಗುತ್ತಾರೆ. ಅವರು ಮಾತಿಗೆ ತಪ್ಪುವವರಲ್ಲ. ಅದು ನನಗೆ ಧೈರ್ಯವೂ ಆಗಿತ್ತು, ಹೆದರಿಕೆಯೂ ಆಗಿತ್ತು.

ಗಡಿಯ ನಾಕೆ

ಅಣ್ಣ ಊರಿಗೆ ಹೋಗಿ, ಶಾಲೆಗೆ ಬಿಳಿ ಬಟ್ಟೆ ತನ್ನಿರೆಂದು ಕಾಗದ ಬರೆದ. ನಮ್ಮನ್ನು ಕರೆದುಕೊಂಡು ಹೋಗಲು ನನ್ನ ಸೋದರತ್ತೆ ಗೌರತ್ತೆ ಬಂದಿದ್ದಳು. ಆಕೆ ಅಣ್ಣನ ಮನೆಯಲ್ಲೇ ಇರುತ್ತಿದ್ದಳು. ಓದು ಬಾರದು, ಶಾಲೆಯ ಕಡೆ ಸುಳಿದವಳೂ ಅಲ್ಲ, ಆದರೆ ಯಾರ ಎದುರೂ ಮಾತು ನಿಲ್ಲಿಸಿದವಳಲ್ಲ. ನಾನು ಊರ ಶಾಲೆಯಲ್ಲಿ ಮೂರನೆಯ ಇಯತ್ತೆ ಕಲಿತವಳು, ನನಗೆ ಮಾತು ಬಾರದು. ಇಬ್ಬರೂ ಕೂಡಿದರೆ ಒಬ್ಬಳು ಪೂರ್ತಿ ಹೆಂಗಸು ಎಂದು ಅಣ್ಣ ಚೇಷ್ಟೆ ಮಾಡುತ್ತಿದ್ದ.

ಗಡಿಯಲ್ಲಿ ಸುಂಕದ ಕಟ್ಟೆ ಇತ್ತು. ಖಾಕಿ ಅಂಗಿಯ ಒಬ್ಬ ಜವಾನ ನಮ್ಮ ಗಂಟುಗಳನ್ನು ಬಿಚ್ಚಿಸಿದ. ನೀಲವ್ವನ ಶಾಲೆಗೆಂದು ತಂದ ಬಿಳಿ ಬಟ್ಟೆ ನೋಡಿ, ಇದು ಮಾರಲಿಕ್ಕೋ ಉಡಲಿಕ್ಕೋ ಎಂದು ಕೇಳಿದ. ನಾನು ಗಾಡಿಯ ಕಮಾನಿನ ಕಡೆ ಮುಖ ತಿರುಗಿಸಿಬಿಟ್ಟೆ. ಗೌರತ್ತೆ ಆತನಿಗೆ ಹುಡುಗಿ, ಶಾಲೆ, ತೀರಿಹೋದ ಅಪ್ಪ, ಎಲ್ಲ ಕಥೆ ಹೇಳಿ ಮುಗಿಸುವಷ್ಟರಲ್ಲಿ ಆತ ತಾನೇ ಗಂಟು ಕಟ್ಟಿಕೊಟ್ಟ. ಆತನ ತಲೆಯ ಮೇಲೆ ಕೆಂಪು ರೂಮಿ ಟೊಪ್ಪಿಗೆ ಇತ್ತು. ತಲೆಕೆಳಗು ಮಾಡಿಟ್ಟ ಸಣ್ಣ ಬಕೀಟಿನ ಹಾಗೆ. ನೆತ್ತಿಯಿಂದ ಕರಿಯ ಗೊಂಡೆ ಜೋಲಾಡುತ್ತಿತ್ತು. ನೀಲವ್ವ ಅಂಥದನ್ನು ಕಂಡದ್ದು ಅದೇ ಮೊದಲು.

“ಅವ್ವಾ, ಅವರ ಜುಟ್ಟು ಟೊಪಿಗಿ ಹೊರಗ ಐತಿ,” ಎಂದಳು.

ಜವಾನ ನಕ್ಕು, ಟೊಪ್ಪಿಗೆ ತೆಗೆದು ತನ್ನ ಬೋಳು ತಲೆ ತೋರಿಸಿದ. ಮೊಗಲಾಯಿಯಲ್ಲಿ ನಾವು ಕಂಡ ಮೊದಲ ತಲೆ ಅದು.

ಕುಕನೂರು

ಇಲ್ಲಿ ತಪ್ಪು ಮಾಡಿದವಳು ನಾನು. ಗೌರತ್ತೆಯ ಹೆಸರು ಹೇಳಬಹುದಿತ್ತು, ಆದರೆ ಹರಕೆ ನನ್ನದು.

ನಿಮ್ಮಜ್ಜನನ್ನು ಒಯ್ದ ಜ್ವರವೇ ಆ ವರ್ಷ ನೀಲವ್ವನಿಗೂ ಬಂದಿತ್ತು. ಇಪ್ಪತ್ತು ದಿನ ಕಣ್ಣು ಬಿಟ್ಟಿರಲಿಲ್ಲ. ಈಕೆಯೊಬ್ಬಳನ್ನು ಉಳಿಸಿಕೊಡು, ಇವಳ ತಲೆಗೂದಲು ನಿನಗೆ ಎಂದು ಕುಕನೂರಿನ ದೇವಿಗೆ ಬೇಡಿಕೊಂಡಿದ್ದೆ. ಉಳಿದಳು. ಆಮೇಲೆ ಗಡಿ ದಾಟುವ ಗಾಡಿ ಸಿಗಲಿಲ್ಲ, ಸಿಕ್ಕಾಗ ಮನೆಯಲ್ಲಿ ಬಿಡಲಿಲ್ಲ. ಎರಡು ವರ್ಷದಲ್ಲಿ ಕೂದಲು ಸೊಂಟ ಮುಟ್ಟಿತ್ತು. ಈಗ ದಾರಿಯಲ್ಲೇ ಗುಡಿ.

“ಹೊಸದಾಗಿ ಸಾಲಿ ಮೆಟ್ಟಲಾ ಹತ್ತೋಕಿ. ತಲಿ ಮ್ಯಾಲಿನ ಹರಕಿ ಇಳಿಸೇ ಹತ್ತಲಿ,” ಎಂದಳು ಗೌರತ್ತೆ.

ನನಗೂ ಹಾಗೇ ಅನ್ನಿಸಿತು. ಬೇವಿನ ಮರದ ಕೆಳಗೆ ಹಡಪದವನು ನೀರು ಹಚ್ಚಿ ಕತ್ತಿ ಆಡಿಸಿದ. ನೀಲವ್ವ ಅಳಲಿಲ್ಲ. ಕಣ್ಣು ಮುಚ್ಚಿಕೊಂಡು, ಮುಗಿಯಿತೋ ಮುಗಿಯಿತೋ ಎಂದು ಕೇಳುತ್ತಿದ್ದಳು. ನೆತ್ತಿಗೆ ಅರಿಶಿನ ಬಳಿದೆವು. ಸೊಂಟದುದ್ದದ ಜಡೆ ದೇವಿಯ ಪಾಲಾಯಿತು. ನನ್ನ ಎದೆ ಹಗುರಾಯಿತು.

ನಮ್ಮೂರಿನಲ್ಲಿ ಇದು ದೊಡ್ಡ ಸಂಗತಿಯೇ ಅಲ್ಲ. ನಾನು ಕಲಿಯುವಾಗ ಹುಡುಗ ಹುಡುಗಿಯರೆಲ್ಲ ಒಂದೇ ಗೋಣಿತಟ್ಟಿನ ಮೇಲೆ ಕೂರುತ್ತಿದ್ದೆವು. ಜವಳ ತೆಗೆಸಿಕೊಂಡ ಹುಡುಗಿಯರ ತಲೆ ಬೋಳು, ಜವಳ ಆಗದ ಹುಡುಗರಿಗೆ ಜಡೆ. ಅಂಗಿ ಇದ್ದವನಿಗೆ ಚಡ್ಡಿ ಇರುತ್ತಿರಲಿಲ್ಲ, ಚಡ್ಡಿ ಇದ್ದವನಿಗೆ ಗುಂಡಿ ಇರುತ್ತಿರಲಿಲ್ಲ. ಮಾಸ್ತರರು ಕೇಳುತ್ತಿದ್ದದ್ದು ಮಗ್ಗಿಯನ್ನು ಮಾತ್ರ.

ಯಲಬುರ್ಗಿ

ಅಣ್ಣ ಬಟ್ಟೆ ಹೊಲಿಯುವವನು. ಶಾಲೆ ತೆರೆಯುವ ದಿನಗಳಾದ್ದರಿಂದ ಅಂಗಡಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಒಂದು ಗೋಡೆಯ ತುಂಬ ಹುಡುಗರ ಬಟ್ಟೆ: ಕೊರಳಿನಿಂದ ಮೊಣಕಾಲಿನವರೆಗೆ ಬರುವ ಕರಿಯ ಶೇರವಾನಿ, ಬಿಳಿ ಪಾಯಿಜಾಮ. ಇನ್ನೊಂದು ಗೋಡೆಗೆ ಹುಡುಗಿಯರ ಬಿಳಿ ಲಂಗ, ಮಣಿಕಟ್ಟಿನವರೆಗೆ ತೋಳಿದ್ದ ಪೋಲಕ. ಆ ಬಿಸಿಲಿನಲ್ಲಿ ಕರಿ ಬಟ್ಟೆ ಹುಡುಗರಿಗೆ ಯಾಕೆ, ಬಿಳಿ ಬಟ್ಟೆ ಕೊಳೆಯಾಗುವ ಹುಡುಗಿಯರಿಗೆ ಯಾಕೆ ಎಂದು ನನಗೆ ಹೊಳೆಯಲಿಲ್ಲ.

ನೀಲವ್ವ ತಲೆಗೆ ಹೊದ್ದಿದ್ದ ಬಟ್ಟೆ ತೆಗೆದಾಗ ಅಣ್ಣನ ಕತ್ತರಿ ಬಟ್ಟೆಯ ನಡುವೆ ನಿಂತುಬಿಟ್ಟಿತು.

“ಕೂದಲಾ ಎಲ್ಲಿ ಹೋದ್ವವಾ?” ಎಂದ.

ಗೌರತ್ತೆ ಹರಕೆಯ ವಿಚಾರ ಹೇಳಿದಳು. ಅಣ್ಣ ಕತ್ತರಿ ಕೆಳಗಿಟ್ಟು ಹಣೆ ಒರೆಸಿಕೊಂಡ. ಹುಡುಗಿಯರು ಎರಡು ಜಡೆ ಹೆಣೆದು, ಕೆಂಪು ರಿಬ್ಬನ್ನಿನಿಂದ ಮಡಿಚಿ ಕಟ್ಟಿಕೊಂಡು ಬರಬೇಕು. ಹುಡುಗರು ಕೂದಲು ಸಣ್ಣಗೆ ಕತ್ತರಿಸಿ ರೂಮಿ ಟೊಪ್ಪಿಗೆ ಇಟ್ಟುಕೊಂಡು ಬರಬೇಕು. ಇಲ್ಲದಿದ್ದರೆ ಹೆಸರು ಹಚ್ಚುವುದಿಲ್ಲ, ಅದು ಇಲ್ಲಿಯ ಕಾಯಿದೆ ಎಂದ. ಕಾಗದದಲ್ಲಿ ಇದನ್ನು ಯಾಕೆ ಬರೆಯಲಿಲ್ಲ ಎಂದು ಗೌರತ್ತೆ ತಿರುಗಿಬಿದ್ದಳು.

“ಬಟ್ಟಿದು ಬರದಿದ್ದೆ. ಕೂದಲದ್ದೂ ಬರೀಬೇಕಂತ ನನಗೇನು ಗೊತ್ತು? ಹುಡುಗೀರ ತಲಿ ಮ್ಯಾಲ ಅವು ಇರತಾವಂತ ತಿಳಕೊಂಡಿದ್ದೆ,” ಎಂದ ಅಣ್ಣ.

ಶಾಲೆಯ ಅಕ್ಕಾರ ಮನೆಗೆ ಹೋದೆವು. ಕಲಿಸುವಾಕೆಯನ್ನು ಅಲ್ಲಿ ಅಕ್ಕಾರು ಎನ್ನುತ್ತಾರೆ. ರಾಯಚೂರಿನ ಕಡೆಯವರು, ಸೌಮ್ಯ ಮುಖ. ನೀಲವ್ವನಿಂದ ಒಂದು ಪುಟ ಓದಿಸಿ, ಲೆಕ್ಕ ಹಾಕಿಸಿ, ಮೂರನೆಯ ತರಗತಿಗೆ ಯೋಗ್ಯಳೆಂದರು. ಆಮೇಲೆ ತಲೆ ನೋಡಿ ಪುಸ್ತಕ ಮುಚ್ಚಿದರು. ಹಿಂದಿನ ವರ್ಷ ಒಬ್ಬ ಹುಡುಗಿಗೆ ರಿಬ್ಬನ್ನು ಇಲ್ಲವೆಂದು ತಪಾಸಣೆಯಲ್ಲಿ ಅವರ ಮೇಲೆ ಷರಾ ಬರೆದಿದ್ದರಂತೆ.

“ರಿಬ್ಬನ್ ಇಲ್ಲಂದ್ರ ಷರಾ ರೀ. ಕೂದಲಾ ಇಲ್ಲಂದ್ರ ನನ್ನ ನೌಕರಿನೇ ಹೋಗತದ,” ಎಂದರು.

ಶಾಲಾ ತಪಾಸಣೆಯ ಸಾಹೇಬರು ಒಪ್ಪಿಗೆ ಬರೆದುಕೊಟ್ಟರೆ ಮಾತ್ರ ಹೆಸರು ಹಚ್ಚಬಹುದು. ಸಾಹೇಬರು ಈಗ ಕುಷ್ಟಗಿಯಲ್ಲಿದ್ದಾರೆ. ಅಮರ್ದಾದ್ ಮುಗಿಯುವುದರೊಳಗೆ ಕಾಗದ ತರಬೇಕು. ಅಮರ್ದಾದ್ ಎಂದರೆ ಅಲ್ಲಿಯ ತಿಂಗಳು. ಅದು ಯಾವಾಗ ಮುಗಿಯುತ್ತದೆ ಎಂದು ನಾನು ಅಣ್ಣನನ್ನು ಕೇಳಿದೆ. ಅವನು ಬೆರಳು ಎಣಿಸಿ, ನಮ್ಮ ಮಣ್ಣೆತ್ತಿನ ಅಮವಾಸ್ಯೆಯ ಆಸುಪಾಸು ಎಂದ. ಎಂಟು ಹತ್ತು ದಿನ ಉಳಿದಿದ್ದವು. ಹೊಲಿಗೆ ಬಿಟ್ಟು ಅವನು ಬರುವಂತಿರಲಿಲ್ಲ. ಊರಿನ ಅರ್ಧ ಹುಡುಗರು ಅವನ ಗೋಡೆಗೆ ನೇತಾಡುತ್ತಿದ್ದರು. ಅದಕ್ಕೇ ನಾವು ಮೂವರು ಹೆಂಗಸರು ಹೊರಟೆವು.

ಕುಷ್ಟಗಿ

ಬೆಲ್ಲದ ಗಾಡಿಯೊಂದರಲ್ಲಿ ಜಾಗ ಸಿಕ್ಕಿತು. ಮೈ ಕೈಯೆಲ್ಲ ಅಂಟಾಗಿ ಇರುವೆಗಳು ನಮ್ಮನ್ನೂ ಸರಕೆಂದು ತಿಳಿದವು. ನೀಲವ್ವನ ಬೋಳು ತಲೆಗೆ ಬಿಸಿಲು ತಾಕದಂತೆ ಗೌರತ್ತೆ ತಾನು ಹೊದೆಯುವ ಧಾವಳಿಯನ್ನು ಮುಂಡಾಸದ ಹಾಗೆ ಸುತ್ತಿದ್ದಳು.

ಕುಷ್ಟಗಿಯಲ್ಲಿ ಸಾಹೇಬರನ್ನು ಹುಡುಕಿ ಹೋದ ಗಂಡುಮಕ್ಕಳ ಶಾಲೆಯ ಬಾಗಿಲಲ್ಲಿ ಒಬ್ಬ ಮುದುಕ ಜವಾನ ನಮ್ಮನ್ನು ತಡೆದ. ಮುಂಡಾಸ ಸುತ್ತಿದ ಹುಡುಗರನ್ನು ಒಳಗೆ ಬಿಡುವುದಿಲ್ಲ, ಟೊಪ್ಪಿಗೆ ಬೇಕು ಎಂದ. ಇವಳು ಹುಡುಗಿ ಎಂದಳು ಗೌರತ್ತೆ. ಹುಡುಗಿಯಾದರೆ ಮುಂಡಾಸ ಯಾಕೆ ಎಂದ. ಮುಂಡಾಸ ತೆಗೆದೆವು. ಆತ ಸ್ವಲ್ಪ ಹೊತ್ತು ಆ ತಲೆಯನ್ನು ನೋಡಿ, ಮತ್ತೆ ಲಂಗವನ್ನು ನೋಡಿ, ಮತ್ತೆ ತಲೆಯನ್ನು ನೋಡಿದ.

“ಮ್ಯಾಲಿಂದ ನೋಡಿದ್ರ ಹುಡುಗ, ಕೆಳಗಿಂದ ನೋಡಿದ್ರ ಹುಡುಗಿ. ನಾ ಯಾವ ಕಾಯದಾ ಹಚ್ಚಲಿ?” ಎಂದ.

ಕಡೆಗೆ ಅವನೇ ಹೇಳಿದ, ಸಾಹೇಬರು ನಿನ್ನೆಯೇ ಕೊಪ್ಪಳಕ್ಕೆ ಹೋಗ್ಯಾರ ಎಂದು.

ಆ ದಿನ ನಾವು ಇಳಿದುಕೊಂಡದ್ದು ಕಂಬಳಿ ನೇಯುವವರ ಮನೆಯಲ್ಲಿ. ಗೌರತ್ತೆಗೆ ಯಾವುದೋ ಹಳೆಯ ಪರಿಚಯ. ಅಂಗಳದಲ್ಲಿ ಕರಿಯ ಉಣ್ಣೆಯ ನೂಲಿನ ಲಡಿಗಳು ಬಿದ್ದಿದ್ದವು. ಗೌರತ್ತೆ ಅವನ್ನೇ ನೋಡುತ್ತ ಕೂತಳು. ಇನ್ನು ಯಾವ ಜವಾನನೂ ನಮ್ಮನ್ನು ತಡೆಯಬಾರದು ಎಂದು ಮನೆಯವರಿಂದ ಒಂದು ಹಳೆಯ ಕುಂಚಿಗೆ ಬೇಡಿದಳು. ಎಳೆಕೂಸುಗಳ ತಲೆ, ಕಿವಿ, ಬೆನ್ನು ಮುಚ್ಚುವಂತೆ ಹೊಲಿದು, ಗದ್ದದ ಕೆಳಗೆ ದಾರ ಕಟ್ಟುತ್ತಾರಲ್ಲ, ಅದೇ ಕುಂಚಿಗೆ. ಹಿಂದಿನ ಇಳಿಬಿದ್ದ ಬಟ್ಟೆ ಕತ್ತರಿಸಿದಳು. ಉಣ್ಣೆಯನ್ನು ಮೂರು ಎಳೆ ಮಾಡಿ, ಎಣ್ಣೆ ಹಚ್ಚಿ, ಎರಡು ಜಡೆ ಹೆಣೆದಳು. ಕಿವಿಯ ಹಿಂದೆ ಒಂದೊಂದನ್ನು ಹೊಲಿದಳು. ಅಣ್ಣ ಕೊಟ್ಟ ಕೆಂಪು ರಿಬ್ಬನ್ನು ಕಟ್ಟಿದಳು.

ಹಿಂದಿನಿಂದ ನೋಡಿದರೆ ಯಾರಿಗೂ ತಿಳಿಯುವಂತಿರಲಿಲ್ಲ. ಮುಂದಿನಿಂದ ನೋಡಿದರೆ ಒಂಬತ್ತು ವರ್ಷದ ಹುಡುಗಿ ತೊಟ್ಟಿಲಿನಿಂದ ಎದ್ದು ಬಂದ ಹಾಗಿತ್ತು.

“ಆಯೀ, ಕಡಿತೈತಿ,” ಎಂದಳು ನೀಲವ್ವ.

“ಸಾಲಿ ಕಲಿಯೂದಂದ್ರ ಕಡೀತೈತಿ. ಸುಮ್ಮನ ಕುಂಡ್ರು,” ಎಂದಳು ಗೌರತ್ತೆ.

ಇದು ಸುಳ್ಳಲ್ಲವೇ ಎಂದು ನನ್ನೊಳಗೆ ಚುಚ್ಚುತ್ತಿತ್ತು. ಆದರೆ ಹೆಂಗಸರು ಚೌರಿ ಸೇರಿಸಿ ಜಡೆ ಉದ್ದ ಮಾಡಿಕೊಳ್ಳುವುದಿಲ್ಲವೇ? ಅದು ಸುಳ್ಳಾದರೆ ಊರಿನ ಅರ್ಧ ಜಡೆಗಳು ಸುಳ್ಳು. ಸತ್ಯ ಯಾವ ಗೇಣಿನಲ್ಲಿ ಮುಗಿದು ಸುಳ್ಳು ಯಾವ ಗೇಣಿನಿಂದ ಶುರುವಾಗುತ್ತದೆ ಎಂದು ನನಗೆ ಗೊತ್ತಾಗಲಿಲ್ಲ. ಕುಂಚಿಗೆಯ ದಾರ ಕಟ್ಟಿದೆ.

ಕೊಪ್ಪಳ

ಕುಷ್ಟಗಿಯಿಂದ ಮೋಟಾರು. ಯುದ್ಧದ ಕಾಲ, ಎಣ್ಣೆ ಸಿಗುತ್ತಿರಲಿಲ್ಲ. ಹಿಂದೆ ದೊಡ್ಡ ಕೊಳವೆಯಲ್ಲಿ ಇದ್ದಿಲು ಉರಿಸಿ ಓಡಿಸುತ್ತಿದ್ದರು. ಏರು ಬಂದರೆ ಎಲ್ಲರೂ ಇಳಿದು ನಡೆಯಬೇಕು. ಹೊಗೆಯಿಂದ ನಮ್ಮ ಮುಖವೆಲ್ಲ ಕಪ್ಪಾಯಿತು. ಬಿಳಿ ಲಂಗದ ಬಣ್ಣ ಹೇಳುವುದೇ ಬೇಡ.

ಕೊಪ್ಪಳದಲ್ಲಿ ನನ್ನ ತಲೆ ಇನ್ನೂ ಕೆಟ್ಟಿತು. ಶಾಲೆಯೊಂದರ ಎದುರು ಹಡಪದವನೊಬ್ಬ ಪೆಟ್ಟಿಗೆ ಬಿಚ್ಚಿಕೊಂಡು ಕೂತಿದ್ದ. ಜುಟ್ಟು ಬಿಟ್ಟ ಹುಡುಗರನ್ನು ಸಾಲಾಗಿ ಕೂರಿಸಿ ಕತ್ತರಿಸುತ್ತಿದ್ದ. ಒಬ್ಬ ತಾಯಿ ಮಗನ ಜುಟ್ಟನ್ನು ಸೆರಗಿನಲ್ಲಿ ಕಟ್ಟಿಕೊಂಡು ಕಣ್ಣು ಒರೆಸಿಕೊಳ್ಳುತ್ತಿದ್ದಳು. ಗಂಡಿನ ತಲೆಯಲ್ಲಿ ಕೂದಲಿರುವುದು ತಪ್ಪು, ಹೆಣ್ಣಿನ ತಲೆಯಲ್ಲಿ ಇಲ್ಲದಿರುವುದು ತಪ್ಪು. ಆಕೆಯ ಮಗನ ಜುಟ್ಟನ್ನು ನನ್ನ ಮಗಳಿಗೆ ಹಚ್ಚಲು ಬರುವಂತಿದ್ದರೆ ಇಬ್ಬರೂ ತಾಯಂದಿರು ಮನೆಗೆ ಹೋಗಬಹುದಿತ್ತು. ನಾನು ಆಕೆಯ ಹತ್ತಿರ ಒಂದು ಗಳಿಗೆ ನಿಂತೆ. ಆಕೆ ನನ್ನನ್ನು ನೋಡಿದಳು. ಸೆರಗಿನ ಗಂಟನ್ನು ಇನ್ನಷ್ಟು ಬಿಗಿ ಮಾಡಿಕೊಂಡಳು.

ಕಚೇರಿಯ ಗುಮಾಸ್ತ ಕುಂಚಿಗೆಯನ್ನು ಹಿಂದಿನಿಂದಲೇ ನೋಡಿದ. ಜಡೆ ಎರಡು, ರಿಬ್ಬನ್ನು ಎರಡು, ಎಲ್ಲ ಸರಿಯಿದೆಯಲ್ಲ, ಮತ್ತೆ ಒಪ್ಪಿಗೆ ಯಾತಕ್ಕೆ ಎಂದು ಕೇಳಿದ. ಗೌರತ್ತೆ ನನ್ನ ಕಡೆ ತಿರುಗಿದಳು. ಜಡೆ ಇದೆ ಎಂದರೆ ಒಪ್ಪಿಗೆಯ ಕಾಗದ ಬೇಕಿಲ್ಲ. ಕಾಗದ ಬೇಕೆಂದರೆ ಜಡೆ ಇಲ್ಲ ಎನ್ನಬೇಕು. ಕುಂಚಿಗೆ ಮಾಡಿದ್ದೇ ನಮಗೆ ಅಡ್ಡ ಬಂತು. ಇದನ್ನೇ ತೊಟ್ಟು ಯಲಬುರ್ಗಿಗೆ ಹಿಂತಿರುಗೋಣವೇ ಎಂದರೆ, ಅಕ್ಕಾರು ಬೋಳು ತಲೆಯನ್ನು ಕಣ್ಣಾರೆ ಕಂಡವರು.

ಸಾಹೇಬರು ಗಂಗಾವತಿಗೆ ಹೋಗಿದ್ದರು.

ಗಂಗಾವತಿ

ಗಿಣಿಗೇರಾ ದಾಟಿದ ಮೇಲೆ ನೆಲದ ಬಣ್ಣ ಬದಲಾಯಿತು. ಕಾಲುವೆ ನೀರು, ಬತ್ತದ ಸಸಿಮಡಿ. ನಮ್ಮ ಕಡೆ ಹಬ್ಬಕ್ಕೆ ಮಾಡುವ ಅನ್ನವನ್ನು ಇಲ್ಲಿ ಜನ ಸುಮ್ಮನೆ ಬುಧವಾರವೂ ಉಣ್ಣುತ್ತಿದ್ದರು. ನಾವು ರೊಟ್ಟಿ ಕೇಳಿದಾಗ ಕಾಯಿಲೆಯೇ ಎಂದು ಒಬ್ಬಾಕೆ ತೆಲುಗು ಬೆರೆಸಿ ವಿಚಾರಿಸಿದಳು.

ಸಾಹೇಬರು ಮುಸಾಫರ ಬಂಗಲೆಯ ಪಡಸಾಲೆಯಲ್ಲಿ ಕಾಗದಗಳ ನಡುವೆ ಕೂತಿದ್ದರು. ಬಿಳಿ ಗಡ್ಡ, ದಪ್ಪ ಗಾಜಿನ ಕನ್ನಡಕ, ನಿಧಾನ ಮಾತು. ಗೌರತ್ತೆ ಹೇಗೆ ಶುರು ಮಾಡಬೇಕೆಂದು ದಾರಿಯುದ್ದಕ್ಕೂ ನನಗೆ ಒಪ್ಪಿಸಿದ್ದಳು. ಎದುರು ನಿಂತಾಗ ಅವಳ ಬಾಯಿಂದ ಶರಣ್ರೀ ಯಪ್ಪಾ ಎಂಬುದಷ್ಟೇ ಬಂತು. ಸಾಹೇಬರು ನೀಲವ್ವನನ್ನು ಹತ್ತಿರ ಕರೆದು, ಒಂದು ಕನ್ನಡ ಪುಸ್ತಕ ಕೊಟ್ಟು ಓದೆಂದರು.

ಓದತೊಡಗಿದಳು. ಸೆಕೆ. ಬೆವರಿಗೆ ಉಣ್ಣೆ ಕಡಿಯುತ್ತಿತ್ತು. ಮೊದಲು ಒಂದು ಕೈ ಕುಂಚಿಗೆಯೊಳಗೆ ಹೋಯಿತು, ಆಮೇಲೆ ಇನ್ನೊಂದು. ಕುಂಚಿಗೆ ಅಡ್ಡ ತಿರುಗಿ ಎಡಗಡೆಯ ಜಡೆ ಮೂಗಿನ ಮೇಲೆ ಬಂತು. ಓದು ನಿಂತಿತು. ನೀಲವ್ವ ಒಮ್ಮೆ ನನ್ನನ್ನು ನೋಡಿದಳು. ಆಮೇಲೆ ಗದ್ದದ ಕೆಳಗಿನ ದಾರ ಜಗ್ಗಿ, ಕುಂಚಿಗೆಯನ್ನು ಜಡೆಗಳ ಸಮೇತ ತೆಗೆದು ಸಾಹೇಬರ ಮೇಜಿನ ಮೇಲಿಟ್ಟಳು. ಬಿಟ್ಟ ಸಾಲಿನಿಂದ ಓದು ಮುಂದುವರಿಸಿದಳು.

ಸಾಹೇಬರು ಪುಟ ಮುಗಿಯುವವರೆಗೆ ಕೇಳಿದರು. ಆಮೇಲೆ ಬೆರಳ ತುದಿಯಿಂದ ಒಂದು ಜಡೆಯನ್ನು ಎತ್ತಿ ನೋಡಿದರು.

“ಏನಮ್ಮಾ ಇದು?”

ಗೌರತ್ತೆ ನೆಲ ನೋಡುತ್ತಿದ್ದಳು. ಯಾರಾದರೂ ಮಾತಾಡಬೇಕಿತ್ತು. ನನ್ನ ದನಿ ನನಗೇ ಪರಕೀಯವಾಗಿ ಕೇಳಿಸಿತು.

“ಕಂಬಳಿ ಉಣ್ಣೀರಿ. ತಪ್ಪಾತ್ರಿ. ಜ್ವರದಾಗ ಹೋಗೋಕಿ ಉಳದಾಳ, ಹರಕಿ ಇತ್ರಿ, ಕೂದಲಾ ಕೊಟ್ಟೇವಿ. ಕಾಯದಾ ನಮಗ ಗೊತ್ತಿರಲಿಲ್ರಿ.”

ಅಲ್ಲಿಗೆ ನಿಲ್ಲಿಸಬಹುದಿತ್ತು. ನಿಲ್ಲಲಿಲ್ಲ.

“ಕೂದಲಾ ಮತ್ತ ಬರತಾವ್ರಿ. ಆದ್ರ ಹೆಸರು ಹಚ್ಚಲಿಲ್ಲಂದ್ರ ಅಮಾಸಿ ಮರುದಿನ ಒಯ್ದು ಲಗ್ನ ಮಾಡತಾರ್ರಿ. ಕೂದಲಾ ಬರೂತನಕ ಅವರು ಕಾಯಂಗಿಲ್ರಿ.”

ಸಾಹೇಬರು ಕನ್ನಡಕ ತೆಗೆದು ಒರೆಸಿದರು. ಕಾಯಿದೆ ತಾವು ಮಾಡಿದ್ದಲ್ಲ, ಹೈದರಾಬಾದಿನಿಂದ ಬಂದದ್ದು, ಅದನ್ನು ಮುರಿಯುವ ಅಧಿಕಾರ ತಮಗಿಲ್ಲ ಎಂದರು. ಒಂದು ದಪ್ಪ ಪುಸ್ತಕ ತೆಗೆದು ಹಿಂದೆ ಮುಂದೆ ಮಗುಚಿದರು.

“ಹುಡುಗೀರಿಗಿ ಎರಡು ಜಡಿ ಅಂದಾರ. ಹುಡುಗರಿಗಿ ಸಣ್ಣ ಕೂದಲು, ಮ್ಯಾಲ ಟೊಪ್ಪಿ ಅಂದಾರ. ಕೂದಲಿಲ್ಲದ ಬೇಟಿ ಒಬ್ಬಾಕಿ ಇರತಾಳಂತ ಬರದವರಿಗಿ ಹೊಳದೇ ಇಲ್ಲ,” ಎಂದು ತಮ್ಮಷ್ಟಕ್ಕೆ ಹೇಳಿಕೊಂಡರು.

ಆಮೇಲೆ ಉರ್ದುವಿನಲ್ಲಿ ಏನೋ ಬರೆದು, ಮೊಹರು ಒತ್ತಿ, ಯಲಬುರ್ಗಿಯ ಅಕ್ಕಾರಿಗೆ ಕೊಡಿರೆಂದು ನನ್ನ ಕೈಗಿಟ್ಟರು. ಏನು ಬರೆದಿರಿ ಎಂದು ನಾನು ಕೇಳಲಿಲ್ಲ. ಇದ್ದ ಮಾತೆಲ್ಲ ಖರ್ಚಾಗಿ ಹೋಗಿತ್ತು.

ತಿರುಗಿ ಬರುವ ಮೋಟಾರಿನಲ್ಲಿ ಗೌರತ್ತೆಗೆ ದನಿ ಮರಳಿತು. ಅಷ್ಟು ಮಾತಾಡಿದಾಕೆ ಆ ಒಂದನ್ನು ಕೇಳಬಾರದಿತ್ತೇ ಎಂದು ಗಿಣಿಗೇರಾದವರೆಗೂ ಬೈದಳು. ನೀನೂ ಅಲ್ಲೇ ಇದ್ದೆಯಲ್ಲ ಎಂದೆ. ಉರ್ದು ಬಲ್ಲೆನೆಂದ ಒಬ್ಬರಿಗೆ ಕಾಗದ ತೋರಿಸಿದೆವು. ಅಕ್ಷರ ಬಹಳ ಸಿಕ್ಕುಸಿಕ್ಕಾಗಿದೆ ಎಂದು ಅವರು ಕಣ್ಣಿನ ಹತ್ತಿರ ಹಿಡಿದು ನೋಡಿ, ಹುಡುಗರು ಎಂದೂ ಬರೆದಿದೆ, ಹುಡುಗಿಯರು ಎಂದೂ ಬರೆದಿದೆ ಎಂದರು. ಗಂಡುಹುಡುಗರ ಶಾಲೆಗೆ ಹಾಕಿದ್ದಾರೆ ಎಂದು ಗೌರತ್ತೆ ತೀರ್ಮಾನಿಸಿದಳು. ಇಲ್ಲವೆಂದೇ ಬರೆದಿದ್ದಾರೆ ಎಂದು ನನಗೆ ತೋರಿತು. ನೀಲವ್ವ ನನ್ನ ತೊಡೆಯ ಮೇಲೆ ನಿದ್ದೆ ಹೋಗಿದ್ದಳು. ಅವಳ ನೆತ್ತಿಯಲ್ಲಿ ಮುಳ್ಳಿನಂಥ ಸಣ್ಣ ಕೂದಲು ಮೂಡಿತ್ತು. ಅದರ ಮೇಲೆ ಕೈಯಾಡಿಸುತ್ತ, ಬೇಗ ಬೆಳೆ ಬೇಗ ಬೆಳೆ ಎಂದುಕೊಳ್ಳುತ್ತಿದ್ದೆ.

ಮತ್ತೆ ಯಲಬುರ್ಗಿ

ನಾವು ಮುಟ್ಟಿದ್ದು ಅಮವಾಸ್ಯೆಯ ದಿನ. ಅಕ್ಕಾರು ಕಾಗದ ಓದಿದರು. ನಗು ತಡೆಯಲಾರದೆ ಸೆರಗಿನಿಂದ ಬಾಯಿ ಮುಚ್ಚಿಕೊಂಡು, ಮತ್ತೊಮ್ಮೆ ಓದಿದರು. ಆಮೇಲೆ ನಮಗೆ ಕನ್ನಡದಲ್ಲಿ ಹೇಳಿದರು. ಕೂದಲು ಹೆಣೆಯುವಷ್ಟು ಬೆಳೆಯುವವರೆಗೆ ಈ ಹುಡುಗಿಯ ತಲೆಗೆ ಹುಡುಗರ ಕಾಯಿದೆ ಹಚ್ಚತಕ್ಕದ್ದು, ಕುತ್ತಿಗೆಯಿಂದ ಕೆಳಗೆ ಹುಡುಗಿಯರ ಕಾಯಿದೆ ಹಚ್ಚತಕ್ಕದ್ದು. ಎರಡರಲ್ಲಿ ಯಾವುದೂ ಮುರಿದಂತಾಗುವುದಿಲ್ಲ.

“ಅಂದ್ರ ಏನ್ರಿ?” ಎಂದಳು ಗೌರತ್ತೆ.

“ಅಂದ್ರ ನಾಳಿಂದ ಟೊಪಿಗಿ ಇಟಗೊಂಡು ಬರಬೇಕ್ರಿ,” ಎಂದರು ಅಕ್ಕಾರು.

ಮರುದಿನ ನಿಮ್ಮವ್ವ ಬಿಳಿ ಲಂಗ, ಬಿಳಿ ಪೋಲಕ, ಮೇಲೆ ಅಣ್ಣ ಯಾರಿಂದಲೋ ಕೇಳಿ ತಂದ ಕೆಂಪು ರೂಮಿ ಟೊಪ್ಪಿಗೆ ಇಟ್ಟುಕೊಂಡು ಹೆಣ್ಣುಮಕ್ಕಳ ಶಾಲೆಗೆ ಹೋದಳು. ಟೊಪ್ಪಿಗೆ ದೊಡ್ಡದಾಗಿ ಹುಬ್ಬಿನವರೆಗೆ ಇಳಿಯುತ್ತಿತ್ತು. ದಾರಿಯಲ್ಲಿ ಕಂಡವರು ನಿಂತು ನೋಡಿದರು. ನಾನು ನಾಚಿಕೆಯಿಂದ ನೆಲ ನೋಡುತ್ತ ನಡೆದೆ. ಅವಳು ಗೊಂಡೆಯನ್ನು ಆಚೆಗೊಮ್ಮೆ ಈಚೆಗೊಮ್ಮೆ ಹಾರಿಸುತ್ತ ನಡೆದಳು.

ಶಾಲೆಯ ಬಾಗಿಲಲ್ಲಿ ಭಾವನವರ ಗಾಡಿ ನಿಂತಿತ್ತು. ಅವರು ಎತ್ತುಗಳ ಆ ಬದಿಯಲ್ಲಿ ಅಣ್ಣನ ಜೊತೆ ಮಾತಾಡುತ್ತಿದ್ದರು. ನೀಲವ್ವನನ್ನು ಅವರು ಕಾಣುವ ಮೊದಲೇ ಗೌರತ್ತೆ ಒಳಗೆ ದಾಟಿಸಿಬಿಟ್ಟಳು. ಭಾವನವರು ಬಂದು ಬಾಗಿಲಲ್ಲಿ ನಿಂತರು. ಬಾಗಿಲಿಗೆ ದಪ್ಪನೆಯ ಪರದೆ ಇಳಿಬಿಟ್ಟಿತ್ತು. ಹೆಣ್ಣುಮಕ್ಕಳ ಶಾಲೆ, ಗಂಡಸರು ಪರದೆ ದಾಟಿ ಒಳಗೆ ಬರುವಂತಿಲ್ಲ ಎಂದು ಆಯಾ ಹೇಳಿದಳು. ನಾನು ಹುಡುಗಿಯ ದೊಡ್ಡಪ್ಪ, ಕಣ್ಣಾರೆ ನೋಡಬೇಕು ಎಂದರು. ಯಾರಾದರೂ ಅಷ್ಟೇ ಎಂದಳು. ಹಾಜರಿ ಪುಸ್ತಕವನ್ನಾದರೂ ಹೊರಗೆ ತನ್ನಿ ಎಂದರು. ಅದೂ ಪರದೆ ದಾಟುವಂತಿರಲಿಲ್ಲ.

ಅಷ್ಟರಲ್ಲಿ ಒಳಗೆ ಹಾಜರಿ ಶುರುವಾಯಿತು. ಅಕ್ಕಾರು ಒಂದೊಂದೇ ಹೆಸರು ಕರೆದರು, ಒಂದೊಂದೇ ಸಣ್ಣ ದನಿ ಉತ್ತರ ಕೊಟ್ಟಿತು. ಭಾವನವರು ಪರದೆಗೆ ಕಿವಿ ಕೊಟ್ಟು ನಿಂತರು. ನಾನು ಸೆರಗು ಹೊದ್ದು ಗೋಡೆಗೆ ಅಂಟಿಕೊಂಡಿದ್ದೆ. ಹೆಸರುಗಳು ಮುಗಿಯುತ್ತ ಬಂದವು. ಹೊಸ ಹೆಸರು ಕಡೆಗೆ ಇರುತ್ತದೆ ಎಂದು ಆಗ ನನಗೆ ಗೊತ್ತಿರಲಿಲ್ಲ.

“ನೀಲವ್ವ,” ಎಂದರು ಅಕ್ಕಾರು.

“ಹಾಜರ್.”

“ಇನ್ನೊಮ್ಮೆ ಕರೀರಿ ಅಕ್ಕಾರ,” ಎಂದರು ಭಾವನವರು ಪರದೆಗೆ.

“ಹಾಜರಿ ದಿನಕ್ಕ ಒಮ್ಮೆ ರೀ,” ಎಂದಿತು ಪರದೆ.

ಭಾವನವರು ಹಿಂತಿರುಗಿದರು. ಅಣ್ಣನನ್ನಾಗಲಿ ಗೌರತ್ತೆಯನ್ನಾಗಲಿ ಕೇಳಲಿಲ್ಲ. ನಾನಿದ್ದ ಗೋಡೆಯ ಕಡೆ ಮುಖ ಮಾಡಿ ಕೇಳಿದರು.

“ಆಕೀದ ದನಿ ಏನವಾ ಅದು?”

ಹನ್ನೆರಡು ವರ್ಷ ಆ ಮನೆಯಲ್ಲಿದ್ದರೂ ನಾನು ಅವರೊಡನೆ ಒಂದು ಮಾತಾಡಿರಲಿಲ್ಲ, ಅವರೂ ನನ್ನೊಡನೆ ಆಡಿರಲಿಲ್ಲ. ಗೌರತ್ತೆ ನನ್ನ ಬದಲು ಬಾಯಿ ತೆರೆಯುವುದು ಕಂಡಿತು. ನಾನೇ ಮೊದಲಾದೆ.

“ಹೌದ್ರಿ. ಆಕೀದ,” ಎಂದೆ.

ಅವರು ತಲೆಯಾಡಿಸಿದರು. ಗಾಡಿಯಲ್ಲಿ ಹುಡುಗಿ ಕೂರಲೆಂದು ಹಾಸಿದ್ದ ಜಮಖಾನೆಯನ್ನು ಮಡಿಚಿ ಬದಿಗಿಟ್ಟು ತಾವು ಹತ್ತಿ ಕೂತರು. ಹಗ್ಗ ಕೈಗೆ ತೆಗೆದುಕೊಂಡ ಮೇಲೆ, ಎತ್ತುಗಳಿಗೆ ಹೇಳುವ ಹಾಗೆ ಮುಂದೆ ನೋಡುತ್ತಲೇ ಹೇಳಿದರು.

“ಪಂಚಮಿಗೆ ಇಬ್ಬರೂ ಬರ್ರಿ. ಉಂಡಿ ತಿಂದು ಹೋಗೀರಂತ.”

ಗಾಡಿ ಹೋಯಿತು. ಅವರು ನಿಜವಾಗಿ ಏನೆಂದರು ಎಂದು ಗೌರತ್ತೆ ಮತ್ತೆ ಮತ್ತೆ ಕೇಳಿದಳು. ಇದೊಂದು ಮಾತ್ರ ನನಗೆ ಸರಿಯಾಗಿ ತಿಳಿದಿತ್ತು. ತಿಂದು ಹೋಗಿರಿ ಎಂದಿದ್ದರು, ಅಲ್ಲೇ ಉಳಿಯಿರಿ ಎಂದಿರಲಿಲ್ಲ.